ಸ್ಪೇರ್ ಪಾರ್ಟ್ಸ್ ಅಂಗಡಿ: ಅಂದು ಮತ್ತು ಇಂದು

ಅಡಿಕೆಯ ಕೊಳೆರೋಗ, ಕಾಫಿಯ ಬಿಳಿ ಕಾಂಡಕೊರಕ, ಬೋರ್ಡೋ ದ್ರಾವಣದ ಪ್ರಮಾಣ, ಮಾರುಕಟ್ಟೆಯ ಧಾರಣೆ, ಇವುಗಳ ಬಗ್ಗೆ ಈ ಪತ್ರಿಕೆಯಲ್ಲಿ ಬರೆಯುವುದು ವಾಡಿಕೆ. ಈ ಸಲ ನಾವು ಮೋಟಾರು ಗಾಡಿಯ ಬಿಡಿಭಾಗ ಮಾರುವ ಅಂಗಡಿಗಳ ವಿಷಯ ಎತ್ತಿಕೊಂಡಿರುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ಬೆಳೆದ ಫಸಲು ಮನೆಯಿಂದ ಮಂಡಿಗೆ ತಾನೇ ನಡೆದು ಹೋಗುವುದಿಲ್ಲ. ಅದನ್ನು ಹೊತ್ತು ಹೋಗುವ ಗಾಡಿಯ ಆರೋಗ್ಯವೂ ಬೇಸಾಯದ ಒಂದು ಅಂಗವೇ ಸರಿ. ಆ ಗಾಡಿಗೆ ಮದ್ದು ಕೊಡುವ ಅಂಗಡಿ ಹೇಗಿರಬೇಕು, ಹೇಗಿತ್ತು, ಈಗ ಹೇಗಾಗಿದೆ ಎಂಬುದನ್ನು ನಮ್ಮ ಅನುಭವದಲ್ಲಿ ಕಂಡಷ್ಟು ಹೇಳಿ, ಸಂಘದ ಮುಂದೆ ಒಂದು ಸಲಹೆ ಇಡುವುದು ಈ ಲೇಖನದ ಉದ್ದೇಶ.

ಹಿರೇನಲ್ಲೂರು ಬಯಲಿನ ಹೋಬಳಿ. ತೆಂಗು, ಅಡಿಕೆ, ರಾಗಿ, ಈರುಳ್ಳಿ ನಮ್ಮ ಬದುಕು. ಕಾಫಿ ಇರುವುದು ಮೇಲೆ, ಬಾಬಾಬುಡನ್ ಗಿರಿಯ ಮಗ್ಗುಲಲ್ಲಿ, ಲಿಂಗದಹಳ್ಳಿ ದಾಟಿ ಸಂತವೇರಿಯ ಕಡೆಗೆ. ಆದರೂ ನಮಗೂ ಆ ತೋಟಗಳಿಗೂ ಹಿಂದಿನಿಂದ ಕೊಡುಕೊಳ್ಳುವಿಕೆ ಇದೆ. ನಮ್ಮ ಕಡೆಯ ಕುರಿಗೊಬ್ಬರ ಬೇಸಿಗೆಯಲ್ಲಿ ಕಾಫಿ ತೋಟಕ್ಕೆ ಏರುತ್ತದೆ. ಅಲ್ಲಿ ನೆರಳಿನ ಮರ ಸವರಿದ ಕೊಂಬೆ, ಕಿತ್ತ ಕಾಫಿ ಬೊಡ್ಡೆ ನಮ್ಮ ಅಡಿಕೆ ಬೇಯಿಸುವ ಹಂಡೆಯ ಒಲೆಗೆ ಇಳಿಯುತ್ತದೆ. ಹೀಗೆ ಹೇರು ಹೊತ್ತು ಏರುವುದು, ಹೇರು ಹೊತ್ತು ಇಳಿಯುವುದು ನಮ್ಮ ಗಾಡಿಗಳ ಹಣೆಬರಹ. ಏರುವಾಗ ಎಂಜಿನ್ನಿನ ಪರೀಕ್ಷೆ, ಇಳಿಯುವಾಗ ಬ್ರೇಕಿನ ಪರೀಕ್ಷೆ. ಎಂಜಿನ್ನು ಸೋತರೆ ಗಾಡಿ ನಿಲ್ಲುತ್ತದೆ. ಬ್ರೇಕು ಸೋತರೆ ನಿಲ್ಲುವುದಿಲ್ಲ. ಮುಂದೆ ಹೇಳುವುದೆಲ್ಲ ಇಷ್ಟರಲ್ಲೇ ಅಡಗಿದೆ.

ಮಹೀಂದ್ರದವರು ಈ ದೇಶದಲ್ಲಿ ಜೀಪು ಜೋಡಿಸತೊಡಗಿದ್ದು 1947ರಲ್ಲಿ. ಮಲೆನಾಡಿನ ತೋಟಗಳಿಗೆ ಅದು ಬಂದ ಮೇಲೆ ಎತ್ತಿನ ಗಾಡಿ ಹೋಗದ ಕಡೆಗೂ ಗೊಬ್ಬರ ಹೋಯಿತು. ನಮ್ಮ ಮನೆಗೆ ಬಂದದ್ದು ಮಿಲಿಟರಿಯವರು ಹರಾಜು ಹಾಕಿದ ಹಳೆಯ ಪೆಟ್ರೋಲು ಜೀಪು. ಊರಿನ ಅನುಕೂಲಸ್ಥರಲ್ಲಿ ಒಬ್ಬಿಬ್ಬರಿಗೆ ಅಂಬಾಸಿಡರ್ ಇತ್ತು, ಕಡೂರು ಬೀರೂರುಗಳ ವೈದ್ಯರು, ವಕೀಲರಲ್ಲಿ ಫಿಯಟ್ ಇತ್ತು. ಎಲ್ಲ ಸೇರಿ ನಾಲ್ಕೈದು ನಮೂನೆಯ ಗಾಡಿಗಳು. ಆದ್ದರಿಂದ ಒಂದು ಅಂಗಡಿಯಾತ ಅವುಗಳ ಒಂದೊಂದು ಬೋಲ್ಟನ್ನೂ ಬಾಯಿಪಾಠ ಮಾಡಿಕೊಳ್ಳಲು ಸಾಧ್ಯವಿತ್ತು.

1970ರ ದಶಕದಲ್ಲಿ ನಾವು ಹೋಗುತ್ತಿದ್ದ ಅಂಗಡಿ ಬಸ್ ನಿಲ್ದಾಣದಿಂದ ಕೂಗಳತೆಯಲ್ಲಿತ್ತು. ಹತ್ತಡಿ ಅಗಲ, ಒಳಗೆ ಮೂವತ್ತಡಿ ಉದ್ದ. ಮುಂದೆ ಒಂದು ಮರದ ಗಲ್ಲೆ, ಅದರ ಮೇಲೆ ಗ್ರೀಸಿನ ಬೆರಳಚ್ಚು ಬಿದ್ದ ದಪ್ಪ ಕ್ಯಾಟಲಾಗು. ಗೋಡೆಯ ಮೊಳೆಗಳಿಗೆ ಫ್ಯಾನ್ ಬೆಲ್ಟುಗಳು, ಕೆಳಗೆ ಸಾಲು ಸಾಲು ಗೂಡು, ಗೂಡಿನ ತುಂಬ ರಟ್ಟಿನ ಡಬ್ಬಿಗಳು. ಬೆಂಗಳೂರಿನ ಆಡುಗೋಡಿಯ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಮೈಕೊ ಪ್ಲಗ್ಗಿನ ಹೆಸರು ಆಗ ಮನೆಮಾತು. 1951ರಲ್ಲಿ ಹುಟ್ಟಿದ ಆ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡ ಮೇಲೂ ನಮ್ಮ ಕಡೆಯ ಮೇಸ್ತ್ರಿಗಳ ಬಾಯಲ್ಲಿ ಅದು ಮೈಕೊ ಆಗಿಯೇ ಉಳಿಯಿತು.

ಅಂಗಡಿಯ ಹಿರಿಯರನ್ನು ಎಲ್ಲರೂ ಸೆಟ್ರು ಎನ್ನುತ್ತಿದ್ದರು. ಅವರ ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ಹಳೇದು ತಂದಿದೀರಾ?" ಹಳೆಯ ಸಾಮಾನು ತರದೆ ಹೋದರೆ ಹೊಸದು ಸಿಗುತ್ತಿರಲಿಲ್ಲ. ತಂದರೆ ಅದನ್ನು ಬೆಳಕಿಗೆ ಹಿಡಿದು, ಉಗುರಿನಿಂದ ಕೆರೆದು, ಮೂಸಿಯೂ ನೋಡುತ್ತಿದ್ದರು. ಒಮ್ಮೆ ನಾವು ಕ್ಲಚ್ ಪ್ಲೇಟು ಕೇಳಲು ಹೋದಾಗ ನಡೆದ ಮಾತು ಇನ್ನೂ ನೆನಪಿದೆ.

"ಪ್ಲೇಟು ಯಾಕ್ ಹೋಯ್ತು ಗೌಡ್ರೆ?"

"ಸವೆದು ಹೋಗಿದೆ ಸೆಟ್ರೆ."

"ಸವೆದಿಲ್ಲ, ಎಣ್ಣೆ ಕುಡ್ದೈತೆ. ನೋಡಿ, ಕರ್ರಗಾಗೈತೆ. ಹಿಂದ್ಗಡೆ ಸೀಲು ಹೋಗೈತೆ. ನಾನು ಪ್ಲೇಟು ಕೊಟ್ರೆ ಆರು ತಿಂಗ್ಳಿಗೆ ಇನ್ನೊಂದ್ ಕೊಡ್ಬೇಕಾಗ್ತದೆ. ಮೊದ್ಲು ಸೀಲು ತಗೊಂಡೋಗಿ."

ಸೀಲಿನ ಬೆಲೆ ಪ್ಲೇಟಿನ ಬೆಲೆಯ ಒಂದಾಣೆ ಪಾಲೂ ಇರಲಿಲ್ಲ. ಮಾರುವವನು ಮಾರಾಟವನ್ನೇ ಬೇಡವೆಂದು ಹೇಳುವುದನ್ನು ನಾವು ಮೊದಲ ಬಾರಿಗೆ ಕಂಡದ್ದು ಅಲ್ಲಿ. ಆಮೇಲೆ ಮೂವತ್ತು ವರ್ಷ, ಒಂದು ಸಲ ಬಿಟ್ಟರೆ, ಅವರಲ್ಲಿ ಸಿಗುವ ಸಾಮಾನಿಗೆ ನಾವು ಬೇರೆ ಅಂಗಡಿಯ ಮೆಟ್ಟಿಲು ಹತ್ತಲಿಲ್ಲವೆಂದ ಮೇಲೆ, ಆ ಒಂದು ಮಾತಿನಿಂದ ಅವರಿಗೂ ನಷ್ಟವಾಗಲಿಲ್ಲ ಎನ್ನಬೇಕು.

ಸಾಲದ ವಿಷಯವನ್ನೂ ಹೇಳಬೇಕು. ಕಾಫಿ ಮಂಡಳಿಯ ಪೂಲ್ ಪದ್ಧತಿ ಇದ್ದ ಕಾಲದಲ್ಲಿ ಬೆಳೆಗಾರನಿಗೆ ಹಣ ಒಟ್ಟಿಗೆ ಬರುತ್ತಿರಲಿಲ್ಲ, ಪಾಯಿಂಟಿನ ಲೆಕ್ಕದಲ್ಲಿ ಕಂತು ಕಂತಾಗಿ ಬರುತ್ತಿತ್ತು. 1992ರಿಂದ ಹಂತ ಹಂತವಾಗಿ ಸಡಿಲಿಸಿ 1996ರಲ್ಲಿ ಆ ಪದ್ಧತಿ ಪೂರ್ಣ ಕೊನೆಗೊಂಡಿತು. ಅಲ್ಲಿಯವರೆಗೆ ಮೇಲಿನ ತೋಟದವರ ಲೆಕ್ಕ ಸೆಟ್ಟರ ಖಾತೆ ಪುಸ್ತಕದಲ್ಲಿ ಮುಂದಿನ ಕಂತಿನವರೆಗೆ ನಿಲ್ಲುತ್ತಿತ್ತು. ಅಡಿಕೆಯ ನಮ್ಮ ಲೆಕ್ಕ ತರೀಕೆರೆ, ಬೀರೂರು ಮಾರುಕಟ್ಟೆಯಲ್ಲಿ ಮೂಟೆ ಬಿಚ್ಚುವವರೆಗೆ ನಿಲ್ಲುತ್ತಿತ್ತು. ಬಡ್ಡಿಯನ್ನು ಬಾಯಿಬಿಟ್ಟು ಕೇಳಿದ್ದಿಲ್ಲ. ಬೆಲೆಯಲ್ಲಿ ಸ್ವಲ್ಪ ಸೇರಿರುತ್ತಿತ್ತು ಎಂಬುದು ನಮಗೂ ಗೊತ್ತಿತ್ತು, ನಮಗೆ ಗೊತ್ತಿದೆಯೆಂಬುದು ಅವರಿಗೂ ಗೊತ್ತಿತ್ತು.

ಹಾಗೆಂದು ಹಿಂದಿನದೆಲ್ಲ ಚಿನ್ನ ಎಂದು ಹೇಳುವ ಇಚ್ಛೆ ನಮಗಿಲ್ಲ. ಒಂದು ಸಣ್ಣ ಬೇರಿಂಗಿಗೆ ವಾರಗಟ್ಟಲೆ ಕಾದದ್ದಿದೆ. ಇಲ್ಲಿ ಸಿಗದಿದ್ದರೆ ರಾತ್ರಿ ರೈಲು ಹಿಡಿದು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಬೇಕು. ಅಲ್ಲಿಯೂ ಇಲ್ಲದಿದ್ದರೆ ಶಿವಾಜಿನಗರದ ಗುಜರಿಯಲ್ಲಿ ಹಳೆ ಗಾಡಿ ಬಿಚ್ಚಿದ ಸಾಮಾನು ಹುಡುಕಬೇಕು. ಕೊಯ್ಲಿನ ಹೊತ್ತಿನಲ್ಲಿ ಜೀಪು ಹದಿನೈದು ದಿನ ಹಲಸಿನ ಮರದ ಕೆಳಗೆ ನಿಂತದ್ದೂ ಉಂಟು. ಇಂದು ಬೆರಳ ತುದಿಯಲ್ಲಿ ಆರ್ಡರು ಮಾಡಿದರೆ ಮೂರನೆಯ ದಿನ ಸಾಮಾನು ಮನೆ ಬಾಗಿಲಿಗೆ ಬರುತ್ತದೆ. ಈ ಅನುಕೂಲವನ್ನು ಹಳಿಯುವುದು ಕೃತಘ್ನತೆಯಾದೀತು.

ಗಾಡಿಯ ಶಕ್ತಿ ಹೆಚ್ಚಿಸುವ ಹುಚ್ಚು ಇಂದಿನ ಹುಡುಗರದ್ದು ಮಾತ್ರ ಎಂದು ಹಿರಿಯರು ದೂರುವುದುಂಟು. ಇದು ಸರಿಯಲ್ಲ. ನಮ್ಮ ಕಾಲದಲ್ಲೂ ಅದು ಇತ್ತು. ಫಿಯಟ್ಟಿನ ಹೆಡ್ಡು ಕೆರೆಸಿ ಕಂಪ್ರೆಷನ್ ಏರಿಸುವವರಿದ್ದರು. ಮೈಸೂರಿನ ಕಾರ್ಖಾನೆಯಿಂದ ಬಂದ ಯೆಜ್ಡಿಯ ಸೈಲೆನ್ಸರಿನ ಒಳಗಿನ ಕೊಳವೆ ತೆಗೆದು ಊರನ್ನೆಲ್ಲ ಎಬ್ಬಿಸುವವರಿದ್ದರು. 1985ರಲ್ಲಿ ಯಮಹಾ ಆರ್‌ಎಕ್ಸ್ 100 ಬಂದ ಮೇಲೆ ಸಿಲಿಂಡರಿನ ಪೋರ್ಟನ್ನು ಅರದಿಂದ ಉಜ್ಜಿಸಿಕೊಳ್ಳದ ಯುವಕನೇ ಅಪರೂಪವಾದ. ಪೆಟ್ರೋಲಿನ ಬೆಲೆ 1973ರ ತೈಲ ಬಿಕ್ಕಟ್ಟಿನ ನಂತರ ಏರುತ್ತಾ ಹೋದಂತೆ, ಜೀಪಿನವರು ಪೆಟ್ರೋಲು ಎಂಜಿನ್ನು ಇಳಿಸಿ ಡೀಸೆಲ್ ಕೂರಿಸತೊಡಗಿದರು. ಉಳಿತಾಯಕ್ಕೆಂದು ಮಾಡಿದ ಈ ಬದಲಾವಣೆಯಲ್ಲಿ ಇನ್ನೊಂದು ಗುಣವಿತ್ತು: ಕಡಿಮೆ ವೇಗದಲ್ಲೇ ಹೆಚ್ಚು ಎಳೆತ. ಎಳೆಯುತ್ತದೆ ಎಂದ ಮೇಲೆ ಹೇರೂ ಹೆಚ್ಚಾಯಿತು.

ನಾವೂ ಆ ಸಾಲಿನಲ್ಲಿ ನಿಂತವರೇ. 1980ರ ದಶಕದ ಕೊನೆಯಲ್ಲಿ ನಮ್ಮ ಹಳೆಯ ಜೀಪಿಗೆ ಡೀಸೆಲ್ ಎಂಜಿನ್ನು ಕೂರಿಸಿದೆವು. ಆರು ಇಂಚಿನ ಟೈರು ತೆಗೆದು ಏಳೂವರೆ ಇಂಚಿನದು ಹಾಕಿಸಿದೆವು. ನೋಡಲು ಗಾಡಿ ಗೂಳಿಯ ಹಾಗೆ ಕಾಣುತ್ತಿತ್ತು. ಆ ಖರ್ಚಿನಲ್ಲಿ ಕೈ ಬರಿದಾಗಿದ್ದರಿಂದ, ಬ್ರೇಕಿನ ವೀಲ್ ಸಿಲಿಂಡರುಗಳ ರಬ್ಬರು ಬದಲಿಸುವಾಗ ಮಾತ್ರ ಸೆಟ್ಟರ ಅಂಗಡಿಗೆ ಹೋಗದೆ, ಅರ್ಧ ಬೆಲೆಗೆ ಸಿಗುತ್ತದೆಂದು ಬೇರೆ ಊರಿನ ಒಂದು ಅಂಗಡಿಯಲ್ಲಿ ತಂದೆವು. ಡಬ್ಬಿ ಅಸಲಿಯ ಹಾಗೆಯೇ ಇತ್ತು. ಬಿಲ್ಲು ಕೇಳಲಿಲ್ಲ, ಅವರು ಕೊಡಲೂ ಇಲ್ಲ.

ಎರಡು ತಿಂಗಳ ಬಳಿಕ ಸಂತವೇರಿಯ ಕಡೆಯಿಂದ ಸೌದೆ ಹೇರಿಕೊಂಡು ಇಳಿಯುತ್ತಿದ್ದೆವು. ಹಿಂದೆ ಸೌದೆಯ ಮೇಲೆ ಇಬ್ಬರು ಆಳುಗಳು. ಮೂರನೆಯ ತಿರುವಿನಲ್ಲಿ ಪೆಡಲು ಒತ್ತಿದರೆ ಅದು ನೆಲಕ್ಕೆ ಹೋಗಿ ಕೂತಿತು. ಕೀಳು ಜಾತಿಯ ರಬ್ಬರು ಬ್ರೇಕ್ ಆಯಿಲಿಗೆ ಉಬ್ಬಿ, ಅಂಚು ಹರಿದು, ಆಯಿಲೆಲ್ಲ ಡ್ರಮ್ಮಿನೊಳಗೆ ಸೋರಿತ್ತು. ಹಳೆಯ ಜೀಪುಗಳಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ದಾರಿಯಲ್ಲಿ ಆಯಿಲು ಹೋಗುತ್ತದೆ, ಒಂದು ಕಡೆ ಸೋರಿದರೆ ನಾಲ್ಕೂ ಸತ್ತಂತೆ. ಗೇರು ಇಳಿಸಿ, ಹ್ಯಾಂಡ್‌ಬ್ರೇಕು ಎಳೆದು, ಗಾಡಿಯನ್ನು ಧರೆಯ ಕಡೆಗೆ ಒರೆಸಿಕೊಂಡು ನಿಲ್ಲಿಸಿದೆವು. ಎಡಕ್ಕೆ ಧರೆ ಇದ್ದದ್ದರಿಂದ ಬದುಕಿದೆವು, ಬಲಕ್ಕೆ ಕಣಿವೆ. ಮೇಲೆ ಕೂತಿದ್ದವರಲ್ಲಿ ಒಬ್ಬನ ಬಲಗೈ ಮೊಣಕೈ ಹತ್ತಿರ ಮುರಿಯಿತು. ಅವನು ಅಡಿಕೆ ಮರ ಹತ್ತುವ ಕೊನೆಗಾರ. ಮೂಳೆ ಕೂಡಿತು, ಆದರೆ ಕೈ ಮೊದಲಿನಂತೆ ಮಡಚಲಿಲ್ಲ. ಆ ಮೇಲೆ ಅವನು ಮರ ಹತ್ತಲಿಲ್ಲ. ನಮ್ಮಲ್ಲೇ ಕಾವಲಿಗೆ ಇಟ್ಟುಕೊಂಡೆವು. ಅದನ್ನು ಉಪಕಾರವೆಂದು ಯಾರಾದರೂ ಹೊಗಳಿದರೆ ನಮಗೆ ತಲೆ ತಗ್ಗುತ್ತದೆ.

ಅಂಗಡಿಯವರನ್ನು ದೂರಲು ಇದನ್ನು ಹೇಳುತ್ತಿಲ್ಲ. ದೊಡ್ಡ ಟೈರಿಗೆ ದುಡ್ಡಿತ್ತು, ಬ್ರೇಕಿನ ರಬ್ಬರಿಗೆ ಇರಲಿಲ್ಲ. ಆ ಲೆಕ್ಕ ನಮ್ಮದು. ಸೆಟ್ಟರಿಗೆ ವಿಷಯ ತಿಳಿದಾಗ ಅವರು ಬೈಯಲಿಲ್ಲ. "ದೊಡ್ಡ ಟೈರ್ ಹಾಕ್ಸೋಕ್ ಮುಂಚೆ ಒಂದ್ ಮಾತು ಕೇಳ್ಬಾರ್ದಾಗಿತ್ತಾ ಗೌಡ್ರೆ?" ಎಂದಷ್ಟೇ ಕೇಳಿದರು.

ಏಕೆ ಕೇಳಬೇಕಿತ್ತು ಎಂಬುದನ್ನು ಆಮೇಲೆ ತಿಳಿದುಕೊಂಡೆವು. ಸದಸ್ಯರಿಗೂ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತೇವೆ. ಗಾಡಿಯ ವೇಗ ಎರಡರಷ್ಟಾದರೆ ಬ್ರೇಕು ತಡೆಯಬೇಕಾದ ಶಕ್ತಿ ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ. 30 ಕಿಲೋಮೀಟರಿನಲ್ಲಿ ನಿಲ್ಲುವ ಗಾಡಿಯನ್ನು 60ರಲ್ಲಿ ನಿಲ್ಲಿಸಲು ಅದೇ ಬ್ರೇಕು ನಾಲ್ಕು ಪಾಲು ಕೆಲಸ ಮಾಡಬೇಕು. ಹೇರು ಎರಡರಷ್ಟಾದರೆ ಅದರ ಮೇಲೆ ಇನ್ನೂ ಎರಡರಷ್ಟು. ಚಕ್ರದ ವ್ಯಾಸ ಹತ್ತರಲ್ಲಿ ಒಂದು ಪಾಲು ಹೆಚ್ಚಿದರೆ ಬ್ರೇಕಿನ ಹಿಡಿತ ಹೆಚ್ಚುಕಡಿಮೆ ಅಷ್ಟೇ ಪಾಲು ತಗ್ಗುತ್ತದೆ. ಮುಳ್ಳು 40 ತೋರಿಸುವಾಗ ಗಾಡಿ ನಿಜವಾಗಿ 44ರಲ್ಲಿ ಓಡುತ್ತಿರುತ್ತದೆ.

ಬ್ರೇಕ್ ಆಯಿಲು ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 3 ಎಂಬ ದರ್ಜೆಯ ಹೊಸ ಆಯಿಲು ಕುದಿಯಲು ಕನಿಷ್ಠ 205 ಡಿಗ್ರಿ ಶಾಖ ಬೇಕು. ತೇವ ಹೀರಿದ ಮೇಲೆ 140 ಡಿಗ್ರಿಗೇ ಕುದಿಯಬಹುದು. ಇಳಿಜಾರಿನಲ್ಲಿ ಪೆಡಲು ಒತ್ತಿಕೊಂಡೇ ಬಂದರೆ ಡ್ರಮ್ಮು ಕಾದು, ಆಯಿಲು ಕುದಿದು, ಆವಿಯಾಗಿ, ಪೆಡಲು ಸ್ಪಂಜಿನಂತಾಗುತ್ತದೆ. ಆದ್ದರಿಂದಲೇ ಯಾವ ಗೇರಿನಲ್ಲಿ ಏರುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ ಎಂದು ಹಳೆಯ ಡ್ರೈವರುಗಳು ಹೇಳುತ್ತಿದ್ದದ್ದು. ಮಲೆನಾಡಿನ ಮಳೆಯಲ್ಲಿ ಓಡುವ ಗಾಡಿಗೆ ಎರಡು ವರ್ಷಕ್ಕೊಮ್ಮೆಯಾದರೂ ಆಯಿಲು ಪೂರ್ತಿ ಬದಲಿಸುವುದು ಕ್ಷೇಮ.

ಈಗ ಇಂದಿನ ಅಂಗಡಿಗಳಿಗೆ ಬರೋಣ. ಹೆದ್ದಾರಿಯ ಅಂಚಿನಲ್ಲಿ ಗಾಜಿನ ಬಾಗಿಲಿನ ಹೊಸ ಅಂಗಡಿಗಳು ಎದ್ದಿವೆ. ಒಳಗೆ ಅಗಲ ಟೈರು, ಹೊಳೆಯುವ ಅಲಾಯ್ ಚಕ್ರ, ಬಿಳಿ ಬೆಳಕಿನ ಎಲ್‌ಇಡಿ ಪಟ್ಟಿ, ಗುಡುಗುವ ಸೈಲೆನ್ಸರು, ಚಕ್ರವನ್ನು ಹೊರಗೆ ತಳ್ಳುವ ಸ್ಪೇಸರು, ಎಂಜಿನ್ನಿನ ಗಣಕಕ್ಕೆ ಕಿವಿ ಊದಿ ಶಕ್ತಿ ಹೆಚ್ಚಿಸುತ್ತೇವೆನ್ನುವ ಪೆಟ್ಟಿಗೆ. ಹುಡುಗರು ಒಳ್ಳೆಯವರು, ಮರ್ಯಾದೆಯಿಂದ ಮಾತನಾಡಿಸುತ್ತಾರೆ, ಕಾಫಿ ಕೊಡುತ್ತಾರೆ. ಆದರೆ "ಹಳೇದು ತಂದಿದೀರಾ" ಎಂದು ಕೇಳುವುದಿಲ್ಲ. ಏಕೆಂದರೆ ಅವರು ಮಾರುವ ವಸ್ತುವಿನಲ್ಲಿ ಹೆಚ್ಚಿನದಕ್ಕೆ ಹಳೆಯದೆಂಬುದೇ ಇಲ್ಲ. ಕೆಟ್ಟದ್ದನ್ನು ಸರಿಮಾಡುವ ಸಾಮಾನು ಬೇರೆ, ಸರಿಯಿದ್ದುದಕ್ಕೆ ಸೇರಿಸುವ ಸಾಮಾನು ಬೇರೆ. ಮೊದಲಿನದು ಅಂಗಡಿಯ ಹಿಂಬದಿಗೆ ಸರಿದಿದೆ, ಎರಡನೆಯದು ಗಾಜಿನ ಮುಂದೆ ನಿಂತಿದೆ. ನಮ್ಮ ಆಕ್ಷೇಪಣೆ ಇರುವುದು ಇಷ್ಟೇ ವಿಷಯಕ್ಕೆ.

ಒಂದು ಸಣ್ಣ ಉದಾಹರಣೆ. ಹೆಚ್ಚಿನ ಗಾಡಿಗಳ ಹೆಡ್‌ಲೈಟಿನ ಹ್ಯಾಲೊಜನ್ ಬಲ್ಬು 60/55 ವ್ಯಾಟಿನದು. ಅದರ ಜಾಗದಲ್ಲಿ 100/90 ವ್ಯಾಟಿನದನ್ನು ರಿಲೇ ಹಾಕದೆ ಸಿಕ್ಕಿಸಿದರೆ ಹೋಲ್ಡರು ಕರಗುತ್ತದೆ, ತಂತಿ ಸುಡುತ್ತದೆ, ಎದುರಿನವನ ಕಣ್ಣು ಕುರುಡಾಗುತ್ತದೆ. ಎದುರಿನವನು ಕಡೂರು ಸಂತೆಯಿಂದ ಮರಳುವ ಎತ್ತಿನ ಗಾಡಿಯವನೋ, ಕುರಿ ಹೊಡೆದುಕೊಂಡು ಹೋಗುವವನೋ ಆಗಿದ್ದರೆ ಅವನಿಗೆ ದೀಪ ಹಾಕಿ ಎಚ್ಚರಿಸಲೂ ಉಪಾಯವಿಲ್ಲ.

ಕಾನೂನಿನ ಮಾತನ್ನೂ ಸದಸ್ಯರು ಅರಿತಿರಬೇಕು. ಗಾಡಿಯ ಮುಂದೆ ಕಟ್ಟುವ ಕಬ್ಬಿಣದ ಬುಲ್ ಬಾರಿನ ವಿರುದ್ಧ ಕೇಂದ್ರದ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲಿ ರಾಜ್ಯಗಳಿಗೆ ಬರೆಯಿತು. ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸಬಾರದೆಂದು, ಮೋಟಾರು ವಾಹನ ಕಾಯಿದೆಯ 52ನೆಯ ಕಲಮನ್ನು ಆಧರಿಸಿ, ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ತೀರ್ಪಿತ್ತಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ, ಅನುಮತಿಯಿಲ್ಲದೆ ಮಾರ್ಪಡಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಒಂದೊಂದು ಮಾರ್ಪಾಟಿಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಬಹುದು. ದಂಡ ಮಾಲೀಕನಿಗೆ ಎಂಬುದನ್ನು ಗಮನಿಸಬೇಕು. ಮಗ ಹಾಕಿಸಿದ ಸೈಲೆನ್ಸರಿಗೆ, ಆರ್.ಸಿ. ಪುಸ್ತಕದಲ್ಲಿ ಹೆಸರಿರುವ ತಂದೆ ಉತ್ತರ ಹೇಳಬೇಕು. ಅಪಘಾತವಾದಾಗ ವಿಮೆಯವರು ತಕರಾರು ತೆಗೆಯಲೂ ಇದೇ ಬಾಗಿಲಾಗುತ್ತದೆ.

"ಹಾಗಾದರೆ ರ‍್ಯಾಲಿಯವರು ಮಾಡುವುದೇನು?" ಎಂದು ನಮ್ಮ ಮೊಮ್ಮಗನೇ ಕೇಳಿದ. ಒಳ್ಳೆಯ ಪ್ರಶ್ನೆ. ನಮ್ಮ ಜಿಲ್ಲೆಗೂ ಮೋಟಾರು ರ‍್ಯಾಲಿಗೂ ಬಹಳ ನಂಟು. ತೋಟದ ಮಣ್ಣಿನ ಹಾದಿಯಲ್ಲಿ ಜೀಪು ಓಡಿಸಿ ಕಲಿತ ಕಾಫಿ ಬೆಳೆಗಾರರ ಮಕ್ಕಳು ಆ ಕ್ರೀಡೆಯಲ್ಲಿ ಹೆಸರು ಮಾಡಿದ್ದಾರೆ. 2016ರಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಷಿಪ್ಪಿನ ಭಾರತದ ಸುತ್ತು ಚಿಕ್ಕಮಗಳೂರಿನಲ್ಲೇ ನಡೆಯಿತು. ಆ ವರ್ಷದ ಚಾಂಪಿಯನ್ ಗೌರವ್ ಗಿಲ್ ಅವರು 2019ರಲ್ಲಿ ಅರ್ಜುನ ಪ್ರಶಸ್ತಿ ಪಡೆದ ಮೊದಲ ಮೋಟಾರು ಕ್ರೀಡಾಪಟುವಾದರು. ಆ ಗಾಡಿಗಳನ್ನು ನಿಂತು ನೋಡಿದವರಿಗೆ ಒಂದು ವಿಷಯ ತಿಳಿದಿರುತ್ತದೆ. ಒಳಗೆ ಕಬ್ಬಿಣದ ಕೊಳವೆಯ ಪಂಜರ, ಚಾಲಕನ ಎರಡೂ ಭುಜವನ್ನು ಕಟ್ಟುವ ಪಟ್ಟಿ, ತಲೆಗೆ ಶಿರಸ್ತ್ರಾಣ, ಕೈಗೆ ಸಿಗುವಂತೆ ಬೆಂಕಿ ಆರಿಸುವ ಸಿಲಿಂಡರು. ಇವಿಲ್ಲದೆ ಓಟಕ್ಕೆ ಬಿಡುವುದೇ ಇಲ್ಲ. ಓಟಕ್ಕೆ ಮುನ್ನ ತಪಾಸಣೆ, ಓಡುವ ಹಾದಿಯಲ್ಲಿ ಬೇರೆ ಗಾಡಿಯಿಲ್ಲ, ನಡುನಡುವೆ ಮೆಕ್ಯಾನಿಕ್ಕುಗಳ ತಂಡ. ನಮ್ಮ ಹುಡುಗರು ಆ ಗಾಡಿಯಿಂದ ತರುವುದು ಸದ್ದು ಮಾತ್ರ, ಸದ್ದಿನ ಹಿಂದಿನ ಶಿಸ್ತನ್ನು ಅಲ್ಲೇ ಬಿಟ್ಟು ಬರುತ್ತಾರೆ. ಓಟದ ಆಸೆಯಿರುವವನು ಕ್ಲಬ್ಬು ಸೇರಿ, ಲೈಸೆನ್ಸು ಪಡೆದು, ಮುಚ್ಚಿದ ಹಾದಿಯಲ್ಲಿ ಓಡಲಿ, ನಾವೇ ಹೋಗಿ ಚಪ್ಪಾಳೆ ತಟ್ಟುತ್ತೇವೆ. ಹನ್ನೆರಡು ಮೂಟೆ ಅಡಿಕೆ ಹೇರಿದ ಪಿಕಪ್ಪಿಗೆ ಆ ವೇಷ ಬೇಡ.

ಇದಕ್ಕಿಂತ ದೊಡ್ಡ ಅಪಾಯ ನಕಲಿ ಸಾಮಾನಿನದು. ಕೆಟ್ಟ ಸೈಲೆನ್ಸರು ಕಿವಿಗೆ ಕೇಳುತ್ತದೆ. ನಕಲಿ ಬ್ರೇಕ್ ರಬ್ಬರು ಯಾರ ಕಣ್ಣಿಗೂ ಬೀಳುವುದಿಲ್ಲ. ಹಳೆಯ ಡಬ್ಬಿಗೆ ಕೀಳು ಮಾಲು ತುಂಬಿ ಮಾರುವ ದಂಧೆ ನಮ್ಮ ಯೌವನದಲ್ಲೂ ಇತ್ತು, ಈಗಲೂ ಇದೆ. ಅಂಬಾಸಿಡರಿನ ತಯಾರಿಕೆ 2014ರಲ್ಲಿ ನಿಂತಿತು, ಮಾರುತಿ 800 ಕೂಡ ಅದೇ ವರ್ಷ ನಿಂತಿತು. ಇಂತಹ ಹಳೆಯ ಗಾಡಿ ಇಟ್ಟುಕೊಂಡವರಿಗೆ ಕಂಪನಿಯ ಷೋರೂಮು ದೂರವಾದಷ್ಟೂ ನಕಲಿಯವನು ಹತ್ತಿರವಾಗುತ್ತಾನೆ. ಬಿಲ್ಲು ಕೇಳುವುದೊಂದೇ ನಮ್ಮ ಕೈಲಿರುವ ಆಯುಧ. 2025ರ ಸೆಪ್ಟೆಂಬರ್ 22ರಿಂದ ಮೋಟಾರು ಬಿಡಿಭಾಗಗಳ ಮೇಲಿನ ಜಿ.ಎಸ್.ಟಿ. ಶೇಕಡ 18ಕ್ಕೆ ಇಳಿದಿದೆ. ಅದಕ್ಕೆ ಮೊದಲು ಬಹುಪಾಲು ಸಾಮಾನಿಗೆ ಶೇಕಡ 28 ಇತ್ತು. ಬಿಲ್ಲು ಬೇಡವೆಂದರೆ ಉಳಿಯುವ ಹಣ ಮೊದಲಿನಷ್ಟಿಲ್ಲ, ಕಳೆದುಕೊಳ್ಳುವುದು ಮಾತ್ರ ಮೊದಲಿನಷ್ಟೇ ಇದೆ.

ಸೆಟ್ಟರು ತೀರಿಕೊಂಡ ಮೇಲೆ ಅವರ ಅಂಗಡಿ ಕೆಲವು ವರ್ಷ ನಡೆದು ಮುಚ್ಚಿತು. ಮಕ್ಕಳು ಓದಿ ಬೇರೆ ಕೆಲಸ ಹಿಡಿದರು, ಅದು ತಪ್ಪಲ್ಲ. ನೂರು ಮಾದರಿಯ ಗಾಡಿ ಬಂದ ಕಾಲದಲ್ಲಿ ಒಬ್ಬನೇ ವ್ಯಕ್ತಿ ಎಲ್ಲದರ ಸಾಮಾನು ತುಂಬಿಡಲು ಬಂಡವಾಳವೂ ಸಾಲದು, ನೆನಪೂ ಸಾಲದು. ಆದ್ದರಿಂದ ಹಳೆಯ ಅಂಗಡಿ ಮರಳಿ ಬರಲೆಂದು ಹಂಬಲಿಸಿ ಪ್ರಯೋಜನವಿಲ್ಲ. ಆ ಅಂಗಡಿ ಮಾಡುತ್ತಿದ್ದ ಕೆಲಸವನ್ನು ಈಗ ಯಾರು ಮಾಡಬೇಕು ಎಂಬುದು ಪ್ರಶ್ನೆ. ನಮ್ಮ ಸಂಘವೇ ಮಾಡಬೇಕು ಎಂಬುದು ನಮ್ಮ ನಮ್ರ ಅಭಿಪ್ರಾಯ.

ನಮ್ಮ ಸಲಹೆ ದೊಡ್ಡದೇನಲ್ಲ. ಗೊಬ್ಬರ, ಮೈಲುತುತ್ತ ಮಾರುವ ಕೋಣೆಯ ಒಂದು ಗೋಡೆಗೆ ಒಂದು ಬೀರು ಇಡೋಣ. ಸದಸ್ಯರಲ್ಲಿ ಹೆಚ್ಚಾಗಿರುವ ಜೀಪು, ಪಿಕಪ್ಪು, ಟ್ರ್ಯಾಕ್ಟರುಗಳ ಪಟ್ಟಿ ಮಾಡಿ, ಅವುಗಳಿಗೆ ಬೇಕಾದ ಬ್ರೇಕ್ ಲೈನಿಂಗು, ರಬ್ಬರು, ಬ್ರೇಕ್ ಆಯಿಲು, ಫಿಲ್ಟರು, ಫ್ಯಾನ್ ಬೆಲ್ಟು, ಕ್ಲಚ್ ಕೇಬಲ್ಲು, ಇಷ್ಟನ್ನು ಅಧಿಕೃತ ವಿತರಕರಿಂದ ನೇರ ತರಿಸಿ ಬಿಲ್ಲಿನೊಂದಿಗೆ ಮಾರೋಣ. ಔಷಧಿ ಹೊಡೆಯುವ ಪಂಪಿನ ವಾಷರು, ಕಳೆ ಕೊಚ್ಚುವ ಯಂತ್ರದ ಪ್ಲಗ್ಗು ಕೂಡ ಅಲ್ಲೇ ಇರಲಿ. ನಲವತ್ತು ಬಗೆಯ ಸಾಮಾನಿಗಿಂತ ಹೆಚ್ಚು ಬೇಡ, ಉಳಿದದ್ದು ಕೇಳಿದಾಗ ತರಿಸಿಕೊಡಲಿ. ಹಳೆಯದನ್ನು ತಂದವರಿಗೇ ಹೊಸದು ಎಂಬ ನಿಯಮವಿರಲಿ. ಹಳೆಯದನ್ನೂ ಅದರ ಡಬ್ಬಿಯನ್ನೂ ಅಲ್ಲೇ ಕತ್ತರಿಸಿ ಹಾಕಲಿ, ನಕಲಿಯವನ ಕೈಗೆ ಸಿಗದಿರಲಿ. ವರ್ಷಕ್ಕೊಮ್ಮೆ, ಅಡಿಕೆ ಕೊಯ್ಲಿಗೂ ಕಾಫಿ ಕೊಯ್ಲಿಗೂ ಮುನ್ನ, ಸಂಘದ ಅಂಗಳದಲ್ಲಿ ಒಂದು ದಿನ ಬ್ರೇಕು ತಪಾಸಣೆ ನಡೆಯಲಿ. ಊರಿನ ಮೇಸ್ತ್ರಿಗಳಿಗೆ ಆ ದಿನದ ಕೂಲಿ ಕೊಟ್ಟರೆ ಸಂತೋಷದಿಂದ ಬರುತ್ತಾರೆ.

ಇದಕ್ಕೆ ಬರುವ ಆಕ್ಷೇಪಗಳು ನಮಗೆ ಗೊತ್ತು. ಸಂಘದ ಕೆಲಸ ಅಡಿಕೆ, ಕಾಫಿ ಮಾರುವುದು, ಕಬ್ಬಿಣ ಮಾರುವುದಲ್ಲ ಎನ್ನುವವರಿದ್ದಾರೆ. 1973ರಲ್ಲಿ ಅಡಿಕೆ ಕೊಳ್ಳಲೆಂದು ಹುಟ್ಟಿದ ಕ್ಯಾಂಪ್ಕೊ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟು ಕಾರ್ಖಾನೆಯನ್ನೇ ತೆರೆಯಿತು, ಬೆಳೆಗಾರನಿಗೆ ಬೇಕಾದ್ದೆಲ್ಲ ಸಹಕಾರದ ಕೆಲಸವೇ. ಮಾರಾಟವಾಗದ ಮಾಲು ಉಳಿದು ನಷ್ಟವಾದೀತು ಎಂಬ ಭಯ ನ್ಯಾಯವಾದದ್ದು, ಅದಕ್ಕೇ ಪಟ್ಟಿಯನ್ನು ನಲವತ್ತಕ್ಕೆ ನಿಲ್ಲಿಸಬೇಕೆಂದೆವು. ಪಟ್ಟಣದ ಪ್ರಾಮಾಣಿಕ ಅಂಗಡಿಯವರ ಹೊಟ್ಟೆಗೆ ಹೊಡೆದಂತಾಗುತ್ತದೆ ಎನ್ನುವವರ ಮಾತು ನಮಗೂ ನಾಟುತ್ತದೆ. ಅಂತಹವರು ಇನ್ನೂ ಕೆಲವರಿದ್ದಾರೆ, ಅವರ ಹೊಟ್ಟೆಪಾಡು ಹಾಳಾಗಬಾರದು. ಹಾಗಿದ್ದರೆ ಸಂಘ ಬೀರು ಇಡುವ ಬದಲು ಅವರೊಡನೆ ಒಪ್ಪಂದ ಮಾಡಿಕೊಳ್ಳಲಿ: ಅಸಲಿ ಸಾಮಾನು, ನಿಗದಿಯಾದ ಬೆಲೆ, ತಪ್ಪದ ಬಿಲ್ಲು. ಸದಸ್ಯನಿಗೆ ಕೊಯ್ಲಿನವರೆಗೆ ಸಾಲ, ಸಾಲಕ್ಕೆ ಸಂಘದ ಹೊಣೆ. ಅಂಗಡಿ ಯಾರದ್ದಾದರೂ ಆಗಲಿ, ಸಾಮಾನು ನಂಬುವಂತಿದ್ದರೆ ಸಾಕು.

ಮುಂದಿನ ಸರ್ವ ಸದಸ್ಯರ ಸಭೆಯಲ್ಲಿ ಈ ವಿಷಯ ಚರ್ಚೆಗೆ ಬರಲೆಂದು ಆಡಳಿತ ಮಂಡಳಿಯವರಲ್ಲಿ ಪ್ರಾರ್ಥಿಸುತ್ತೇವೆ. ಅಲ್ಲಿಯವರೆಗೆ ಪ್ರತಿಯೊಬ್ಬ ಸದಸ್ಯರೂ ಒಂದು ಕೆಲಸ ಮಾಡಬಹುದು. ಈ ಭಾನುವಾರ ಗಾಡಿಯ ಬಾನೆಟ್ಟು ಎತ್ತಿ, ಬ್ರೇಕ್ ಆಯಿಲಿನ ಡಬ್ಬಿಯ ಮುಚ್ಚಳ ತೆಗೆದು ನೋಡಿ. ಆಯಿಲು ಕಪ್ಪಗಿದ್ದರೆ ಬದಲಿಸಿ. ಮಟ್ಟ ಇಳಿದಿದ್ದರೆ ಎಲ್ಲಿ ಸೋರಿದೆಯೆಂದು ಹುಡುಕಿಸಿ, ಬರೀ ಮೇಲೆ ಸುರಿದು ಸುಮ್ಮನಾಗಬೇಡಿ. ಹೊಸ ಟೈರಿಗೋ ದೀಪಕ್ಕೋ ಹಣ ತೆಗೆದಿಟ್ಟಿದ್ದರೆ, ಅದರಲ್ಲಿ ಮೊದಲ ಪಾಲು ಬ್ರೇಕಿಗೆ ಕೊಡಿ.

ನಮ್ಮ ಮನೆಯ ಆ ಕೊನೆಗಾರ ಈಗಿಲ್ಲ. ಇದ್ದಷ್ಟು ದಿನವೂ ಅವನು ಜೀಪು ಹತ್ತುವ ಮುನ್ನ, "ಯಜಮಾನ್ರೇ, ಒಂದ್ ಸಲ ಬ್ರೇಕ್ ತುಳ್ದು ನೋಡಿ" ಎನ್ನುತ್ತಿದ್ದ. ನಾವು ತುಳಿದು ನೋಡಿ ತಲೆಯಾಡಿಸಿದ ಮೇಲೆಯೇ ಹತ್ತುತ್ತಿದ್ದ. ಈಗ ಕೇಳುವವರಿಲ್ಲ. ಆದರೂ ಇಂದಿಗೂ ನಾವು ಗಾಡಿ ಹೊರಡಿಸುವ ಮುನ್ನ ಒಮ್ಮೆ ಪೆಡಲು ತುಳಿದು ನೋಡುತ್ತೇವೆ.

— ಹಿರೇನಲ್ಲೂರಿನ ಒಬ್ಬ ಸದಸ್ಯರು